ಐಕಳ ಅಂದರೆ ಬೋಲ್ಟ್, ತಿಪಟೂರು ಅಂದರೆ ಕೊಬ್ಬರಿ: ನಮ್ಮ ಮಕ್ಕಳ ಓಟ ಎಲ್ಲಿ ಹೋಯಿತು?

ತಿಪಟೂರು ಬಿಟ್ಟು ಯಾವ ಕಡೆಗೆ ಹೋದರೂ ನಮಗೆ ಒಂದೇ ಅನುಭವ. ಬಸ್ಸಿನಲ್ಲಿ ಪಕ್ಕ ಕೂತವರು "ಯಾವೂರು ನಿಮ್ದು?" ಅಂತಾರೆ. "ತಿಪಟೂರು ಕಡೆ" ಅಂತೀವಿ. "ಓ ಕೊಬ್ಬರಿ! ರೇಟ್ ಎಷ್ಟಿದೆ ಈಗ?" ಮಾತು ಅಲ್ಲಿಗೇ ಹೋಗುತ್ತದೆ. ತುರುವೇಕೆರೆ ಅಂದರೂ ಕೊಬ್ಬರಿ, ಚಿಕ್ಕನಾಯಕನಹಳ್ಳಿ ಅಂದರೂ ಕೊಬ್ಬರಿ. ಬೇಜಾರೇನಿಲ್ಲ. ಅಟ್ಟದ ಮೇಲೆ ಹನ್ನೊಂದು ತಿಂಗಳು ಕಾಯಿ ಒಣಗಿಸಿ ತಿನ್ನುವ ಅನ್ನ ಅದು.

ಆದರೆ ಕೆಲವು ಊರುಗಳಿಗೆ ಬೆಳೆ ಗುರುತಲ್ಲ, ದೇವಸ್ಥಾನ ಗುರುತಲ್ಲ. ಒಂದು ಗಳಿಗೆ ಗುರುತು. ಯಾರೋ ಒಬ್ಬರು ಅಲ್ಲಿ ಓಡಿದರು, ಇಲ್ಲವೇ ಒಂದು ಬಾಲ್ ಹಾಕಿದರು, ಅಷ್ಟೇ. ಆಮೇಲೆ ಆ ಊರಿನ ಹೆಸರು ಹೇಳಿದರೆ ಜನಕ್ಕೆ ಅದೊಂದೇ ನೆನಪು. ನಮ್ಮ ಮೂರು ತಾಲ್ಲೂಕಿಗೆ ಅಂಥ ಗಳಿಗೆ ಒಂದೂ ಇಲ್ಲ. ಯಾಕಿಲ್ಲ ಅಂತ ಯೋಚನೆ ಮಾಡುತ್ತಾ ಹೋದರೆ ಕೊನೆಗೆ ಬೆರಳು ನಮ್ಮ ಕಡೆಗೇ ತಿರುಗುತ್ತದೆ. ನಮ್ಮ ಕಡೆಗೆ ಅಂದರೆ ಊರಿನ ಕಡೆಗೂ ಹೌದು, ಸುದ್ದಿ ಬರೆಯುವ ನಮ್ಮ ಕಡೆಗೂ ಹೌದು.

ಮೊದಲು ಐಕಳದ ಕತೆ ಹೇಳುತ್ತೇವೆ.

ದಕ್ಷಿಣ ಕನ್ನಡದ ಕಿನ್ನಿಗೋಳಿ ಹತ್ತಿರದ ಹಳ್ಳಿ ಐಕಳ. 2020ರ ಫೆಬ್ರವರಿ 1ಕ್ಕೆ ಮುಂಚೆ ನಮ್ಮ ಕಡೆ ಆ ಹೆಸರು ಕೇಳಿದವರು ಎಷ್ಟು ಜನ ಇದ್ದರು? ನಾವಂತೂ ಕೇಳಿರಲಿಲ್ಲ. ಆವತ್ತು ಅಲ್ಲಿನ ಕಂಬಳದಲ್ಲಿ ಶ್ರೀನಿವಾಸ ಗೌಡ ಎನ್ನುವವರು ಕೋಣಗಳ ಹಿಂದೆ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಕ್ಯಾಲ್ಕುಲೇಟರ್ ಒತ್ತಿ ಲೆಕ್ಕ ಹಾಕಿದರು. 100 ಮೀಟರ್‌ಗೆ 9.55 ಸೆಕೆಂಡ್ ಬಂತು. 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ ಮಾಡಿದ ವಿಶ್ವದಾಖಲೆ 9.58. ಇಷ್ಟು ಸಾಕಾಯಿತು. ಹತ್ತು ಹನ್ನೆರಡು ದಿನದಲ್ಲಿ ದೇಶವೆಲ್ಲಾ ಆ ವಿಡಿಯೊ ನೋಡಿತು. ಕೇಂದ್ರದ ಕ್ರೀಡಾ ಸಚಿವರು ಟ್ರಯಲ್‌ಗೆ ಕರೆಸುತ್ತೇವೆ ಅಂದರು. ಆಗ ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪನವರು ಬೆಂಗಳೂರಿಗೆ ಕರೆಸಿ ಮೂರು ಲಕ್ಷ ರೂಪಾಯಿ ಕೊಟ್ಟು ಸನ್ಮಾನ ಮಾಡಿದರು.

ಲೆಕ್ಕದಲ್ಲಿ ತಪ್ಪಿದೆ ಅಂತ ಚಿಕ್ಕ ಮಕ್ಕಳೂ ಹೇಳಬಹುದು. ಬೋಲ್ಟ್ ಒಬ್ಬನೇ, ನಿಂತ ಜಾಗದಿಂದ ಎದ್ದು ಓಡಿದವನು. ಇಲ್ಲಿ ಮುಂದೆ ಎರಡು ಕೋಣ ಎಳೆಯುತ್ತಿವೆ. ಹಾಗಂತ ಇದು ಸುಲಭ ಅಂದುಕೊಳ್ಳಬೇಡಿ. ಮೊಣಕಾಲಿನ ತನಕ ಕೆಸರು ನೀರು, ಕಾಲು ಒಂದು ಚೂರು ತಪ್ಪಿದರೆ ಮುಖ ಅಡಿಯಾಗಿ ಬೀಳಬೇಕು. ಅದು ಬೇರೆ ವಿದ್ಯೆ. ಶ್ರೀನಿವಾಸ ಗೌಡರೇ ಈ ಮಾತು ಎಲ್ಲರಿಗಿಂತ ಸ್ಪಷ್ಟವಾಗಿ ಹೇಳಿದರು: ಬೋಲ್ಟ್ ಜೊತೆ ನನ್ನನ್ನು ಹೋಲಿಸಬೇಡಿ, ಆತ ವಿಶ್ವ ಚಾಂಪಿಯನ್, ನಾನು ಕೆಸರು ಗದ್ದೆಯಲ್ಲಿ ಓಡುವವನು ಅನ್ನುವ ಅರ್ಥದ ಮಾತು. ಟ್ರಯಲ್‌ಗೂ ಹೋಗಲಿಲ್ಲ. ಕಂಬಳವೇ ಸಾಕು ಅಂದರು. ಕಟ್ಟಡ ಕೆಲಸ ಮಾಡುತ್ತಿದ್ದ ಆ ಮನುಷ್ಯನಿಗೆ ಇದ್ದ ತಿಳಿವಳಿಕೆ ಹೆಡ್ಡಿಂಗ್ ಬರೆದವರಿಗೆ ಇರಲಿಲ್ಲ. ಕೋಣ ಓಡಿಸುವವರ ಸಮಯದ ಲೆಕ್ಕಗಳ ಬಗ್ಗೆ ಆಮೇಲೆ ಕರಾವಳಿಯಲ್ಲೇ ತಕರಾರೂ ಎದ್ದಿತು.

ನಮಗೆ ಮುಖ್ಯ ಅನ್ನಿಸಿದ್ದು ಇದಲ್ಲ, ಮುಂದಿನದು. ಐಕಳ ಆಗಿ ಹದಿನೈದು ದಿನಕ್ಕೆ, ಫೆಬ್ರವರಿ 16ಕ್ಕೆ, ವೇಣೂರಿನ ಕಂಬಳದಲ್ಲಿ ನಿಶಾಂತ್ ಶೆಟ್ಟಿ ಅನ್ನುವವರು ಅದಕ್ಕಿಂತ ಕಡಿಮೆ ಸಮಯದಲ್ಲಿ ಓಡಿದರು. ಮರುವರ್ಷ ಬಂಟ್ವಾಳ ತಾಲ್ಲೂಕಿನ ಕಕ್ಯಪದವಿನಲ್ಲಿ ಶ್ರೀನಿವಾಸ ಗೌಡರೇ ತಮ್ಮ ಹಳೆಯ ಸಮಯವನ್ನು ಮುರಿದರು. ಈಗ ನೀವೇ ಹೇಳಿ, ವೇಣೂರು ಅಂದರೆ ನಿಮಗೆ ಆ ಓಟ ನೆನಪಾಗುತ್ತದೆಯೇ? ಗೊಮ್ಮಟ ನೆನಪಾಗುತ್ತದೆ. ಕಕ್ಯಪದವು? ಹೆಸರೇ ಹೊಸದು. ಓಟದ ಊರು ಅಂದರೆ ಐಕಳವೇ. ಇನ್ನೂ ಒಂದು ಮಾತು. ಶ್ರೀನಿವಾಸ ಗೌಡರ ಊರು ಐಕಳ ಅಲ್ಲ, ಮೂಡುಬಿದಿರೆ ಕಡೆಯ ಅಶ್ವತ್ಥಪುರ. ಗಳಿಗೆ ಅಂಟಿಕೊಂಡಿದ್ದು ಓಡಿದವನ ಊರಿಗಲ್ಲ, ಹೆಚ್ಚು ವೇಗವಾಗಿ ಓಡಿದ ಊರಿಗೂ ಅಲ್ಲ. ಮೊದಲು ಕಣ್ಣಿಗೆ ಬಿದ್ದ ಊರಿಗೆ.

ಹಾಗಾದರೆ ಎಲ್ಲವೂ ಅದೃಷ್ಟವೇ? ಅಲ್ಲ ಅನ್ನುತ್ತೇವೆ ನಾವು. ಐಕಳದಲ್ಲಿ ಆವತ್ತು ಬೆಳಗ್ಗೆ ಎದ್ದು ಯಾರೋ ಓಡಿದ್ದಲ್ಲ. ಅಲ್ಲಿ ಕಂಬಳ ಹಿಂದಿನಿಂದ ನಡೆದುಕೊಂಡು ಬಂದಿದೆ. ಓಡುವ ಜಾಗಕ್ಕೆ ಅವರು ಕರೆ ಅಂತಾರೆ. ಅದನ್ನು ಉತ್ತು, ಹದ ಮಾಡಿ, ನೀರು ನಿಲ್ಲಿಸಿ ಸಿದ್ಧ ಮಾಡುವ ಜನ ಇದ್ದಾರೆ. ಕರೆಯ ಉದ್ದ ಅಳೆದಿರುತ್ತದೆ. ಕೋಣ ಗುರಿ ಮುಟ್ಟಿದ್ದನ್ನು ಲೇಸರ್ ಕಿರಣ ಹಿಡಿಯುತ್ತದೆ. ಸೆಕೆಂಡಿನ ನೂರನೇ ಭಾಗದ ತನಕ ಸಮಯ ಬರುತ್ತದೆ. ಅದನ್ನು ಬರೆದುಕೊಳ್ಳುತ್ತಾರೆ. ಯಾವ ಜೋಡಿ, ಯಾರ ಕೋಣ, ಯಾರು ಓಡಿಸಿದರು, ಎಲ್ಲಾ. ಉದ್ದ ಗೊತ್ತಿಲ್ಲದಿದ್ದರೆ, ಸಮಯ ಬರೆದಿರದಿದ್ದರೆ ಕ್ಯಾಲ್ಕುಲೇಟರ್ ಒತ್ತುವವನು ಏನನ್ನು ಒತ್ತುತ್ತಿದ್ದ? "ಅಬ್ಬಾ, ಏನ್ ಓಡ್ದ ಮಾರಾಯ" ಅಂತ ಆ ರಾತ್ರಿ ಊಟದ ಹೊತ್ತಿಗೆ ಮಾತಾಡಿ ಮುಗಿಯುತ್ತಿತ್ತು.

ನಮ್ಮ ಕಡೆ ಮುಗಿಯುವುದು ಹಾಗೆಯೇ.

ತುರುವೇಕೆರೆ ಕಡೆಯ ಒಂದು ಹಳ್ಳಿಯಲ್ಲಿ, ನಾವು ಹುಟ್ಟುವ ಮುಂಚೆ, ಜಾತ್ರೆ ದಿನ ಪಂದ್ಯ ಕಟ್ಟಿ ಒಬ್ಬರು ಕಾಯಿ ಸುಲಿದರಂತೆ. ಸೂರ್ಯ ಹುಟ್ಟಿದಾಗ ಶುರು, ಮುಳುಗುವ ಹೊತ್ತಿಗೆ ನಿಲ್ಲಿಸಿದ್ದು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ, ಎರಡೇ ಪಟ್ಟಿಗೆ ಮಟ್ಟೆ ಬಿಡಿಸಿ, ಹಿಂದಕ್ಕೆ ಎಸೆಯುತ್ತಾ ಹೋದರಂತೆ. ಬೆನ್ನ ಹಿಂದೆ ಕಾಯಿ ಗುಡ್ಡೆ, ಮುಂದೆ ಮಟ್ಟೆ ಗುಡ್ಡೆ, ನಡುವೆ ಮನುಷ್ಯ ಕಾಣುತ್ತಲೇ ಇರಲಿಲ್ಲವಂತೆ. ಎಷ್ಟು ಕಾಯಿ ಅಂತ ಮೂರು ಜನ ಹಿರಿಯರನ್ನು ಕೇಳಿದೆವು. ಒಬ್ಬರು ಸಾವಿರದ ಇನ್ನೂರು ಅಂದರು. ಇನ್ನೊಬ್ಬರು ಎರಡು ಸಾವಿರಕ್ಕೆ ಕಮ್ಮಿ ಇಲ್ಲ ಅಂದರು. ಮೂರನೆಯವರು ಒಂದು ಅಜ್ಜಿ, "ಅದೆಲ್ಲಾ ನಂಗೊತ್ತಿಲ್ಲ ಕಣಪ್ಪ, ಸುಲ್ದೋರ ಕೈ ರಕ್ತ ಆಗಿತ್ತು, ನಾನೇ ಅರಿಸಿನ ಹಚ್ಚಿದ್ದು" ಅಂದರು. ನಂಬುವುದಾದರೆ ನಾವು ಆ ಅಜ್ಜಿಯನ್ನೇ ನಂಬುತ್ತೇವೆ. ಆದರೆ ಅರಿಸಿನ ದಾಖಲೆ ಆಗುವುದಿಲ್ಲವಲ್ಲ.

ನೋಡಿ, ಇಲ್ಲೇ ನಮಗೆ ಸಿಟ್ಟು ಬರುವುದು. ನಮ್ಮ ಜನಕ್ಕೆ ಎಣಿಕೆ ಬರುವುದಿಲ್ಲ ಅಂತಲ್ಲ. ಕಾಯಿ ಸುಲಿಯುವವರಿಗೆ ಸಾವಿರಕ್ಕೆ ಇಷ್ಟು ಅಂತ ಕೂಲಿ. ಒಂದು ಕಾಯಿ ಹೆಚ್ಚು ಕಮ್ಮಿ ಆದರೆ ಜಗಳ. ಮಾರುಕಟ್ಟೆಯಲ್ಲಿ ಕೊಬ್ಬರಿ ಹರಾಜಿನ ದಿನ ಕ್ವಿಂಟಲ್‌ಗೆ ಐವತ್ತು ರೂಪಾಯಿ ಆಚೀಚೆ ಆದರೂ ಮಧ್ಯಾಹ್ನದ ಒಳಗೆ ಎಲ್ಲರ ಮೊಬೈಲಿಗೂ ಬಂದಿರುತ್ತದೆ. ಯಾವ ವರ್ಷ ಯಾವ ತಿಂಗಳು ರೇಟ್ ಎಷ್ಟು ಬಿದ್ದಿತ್ತು ಅಂತ ಬಾಯಲ್ಲೇ ಹೇಳುವವರಿದ್ದಾರೆ. ಲೆಕ್ಕದಲ್ಲಿ ನಾವು ಯಾರಿಗೂ ಕಮ್ಮಿ ಇಲ್ಲ. ಮಕ್ಕಳ ಓಟಕ್ಕೆ ಮಾತ್ರ ಲೆಕ್ಕ ಇಲ್ಲ.

ಕೆಲವರು ಹೇಳಬಹುದು, ಬರೆದಿಡದಿದ್ದರೆ ಏನಂತೆ, ನೆನಪಿರುತ್ತದಲ್ಲ. ನೆನಪಿನ ವಿಷಯ ನಮಗೆ ಚೆನ್ನಾಗಿ ಗೊತ್ತು. 1996ರ ಮಾರ್ಚ್ 9ರ ರಾತ್ರಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಕಪ್ ಕ್ವಾರ್ಟರ್ ಫೈನಲ್, ಭಾರತ ಪಾಕಿಸ್ತಾನ. ಅಮೀರ್ ಸೊಹೈಲ್ ಫೋರ್ ಹೊಡೆದು, ಬ್ಯಾಟ್ ತೋರಿಸಿ, ಮತ್ತೆ ಅಲ್ಲಿಗೇ ಹೊಡೀತೀನಿ ಅನ್ನುವಂತೆ ವೆಂಕಟೇಶ್ ಪ್ರಸಾದ್ ಕಡೆ ಸನ್ನೆ ಮಾಡಿದ್ದು, ಮುಂದಿನ ಬಾಲಿಗೇ ಸ್ಟಂಪ್ ಹಾರಿದ್ದು. ಆಗ ನಾವಿನ್ನೂ ಚಿಕ್ಕವರು. ನಮ್ಮೂರಲ್ಲಿ ಟಿವಿ ಇದ್ದ ಮನೆ ಎರಡು. ಆವತ್ತು ಸರಿಯಾಗಿ ಪಾಕಿಸ್ತಾನದ ಬ್ಯಾಟಿಂಗ್ ಹೊತ್ತಿಗೆ ಕರೆಂಟ್ ಹೋಯಿತು. ಟ್ರ್ಯಾಕ್ಟರ್ ಬ್ಯಾಟರಿ ತಂದು ಸಿಕ್ಕಿಸುವ ಹೊತ್ತಿಗೆ ಸೊಹೈಲ್ ಔಟಾಗಿ ಹೋಗಿದ್ದ. ರೇಡಿಯೊ ಕೇಳುತ್ತಿದ್ದವರು ಕೂಗಿಕೊಂಡಿದ್ದರಿಂದ ವಿಷಯ ಗೊತ್ತಾಗಿದ್ದು. ಆದರೆ ಇವತ್ತು ಹೋಗಿ ಕೇಳಿ, ನಮ್ಮೂರಲ್ಲಿ ಆ ಬಾಲನ್ನು ಕಣ್ಣಾರೆ ನೋಡದ ಗಂಡಸು ಒಬ್ಬನೂ ಇಲ್ಲ. ನಮಗೂ ನೋಡಿದ ಹಾಗೇ ಇದೆ!

ಆ ಒಂದು ಬಾಲ್ ಉಳಿದಿದ್ದನ್ನೆಲ್ಲಾ ನುಂಗಿತು. ಸಿಧು 93 ಹೊಡೆದಿದ್ದರು. ಅಜಯ್ ಜಡೇಜ ಕೊನೆಯಲ್ಲಿ 25 ಬಾಲಿಗೆ 45 ಹೊಡೆದು ವಾಕಾರ್ ಯೂನಿಸ್‌ನ ಬೆವರಿಳಿಸಿದ್ದರು. ಕುಂಬ್ಳೆ ಮೂರು ವಿಕೆಟ್ ತೆಗೆದಿದ್ದರು. ಭಾರತ 39 ರನ್‌ನಿಂದ ಗೆದ್ದಿತ್ತು. ಇಷ್ಟನ್ನೂ ಒಟ್ಟಿಗೆ ಹೇಳುವವರು ಅಪರೂಪ.

ಅದೇ ಮೈದಾನ, ಅದೇ ವರ್ಷ, ಅಕ್ಟೋಬರ್ ತಿಂಗಳು, ಟೈಟನ್ ಕಪ್. ಆಸ್ಟ್ರೇಲಿಯಾ ಮೇಲೆ ಭಾರತಕ್ಕೆ 216 ಬೇಕಿತ್ತು. ತೆಂಡೂಲ್ಕರ್ 88 ಹೊಡೆದು ಔಟ್. 164ಕ್ಕೆ 8 ವಿಕೆಟ್ ಬಿತ್ತು. ಜನ ಎದ್ದು ಮನೆಗೆ ಹೊರಡುವ ಹೊತ್ತು. ಆಗ ಜಾವಗಲ್ ಶ್ರೀನಾಥ್, ಅನಿಲ್ ಕುಂಬ್ಳೆ ಇಬ್ಬರೂ ನಿಂತು ಮತ್ತೊಂದು ವಿಕೆಟ್ ಬೀಳದಂತೆ ಗೆಲ್ಲಿಸಿದರು. ನಮಗೆ ಪ್ರಸಾದ್ ಬಾಲಿಗಿಂತ ಈ ಆಟವೇ ಹೆಚ್ಚು ಇಷ್ಟ. ಯಾಕೆ ಅಂದರೆ ಆವತ್ತು ಆಡಿದ್ದು ಎರಡು ಊರಿನ ಹೆಸರು. ಒಂದು ನಮ್ಮ ತಿಪಟೂರಿನಿಂದ ಅರಸೀಕೆರೆ ದಾಟಿದರೆ ಸಿಗುವ ಜಾವಗಲ್. ಇನ್ನೊಂದು ಕಾಸರಗೋಡಿನ ಕುಂಬಳೆ. ಶ್ರೀನಾಥ್ ಹುಟ್ಟಿದ್ದು ಮೈಸೂರಿನಲ್ಲಿ, ಕುಂಬ್ಳೆ ಬೆಂಗಳೂರಿನಲ್ಲಿ, ಆದರೆ ಹಿರಿಯರ ಊರನ್ನು ಹೆಸರಿನಲ್ಲಿ ಹೊತ್ತುಕೊಂಡು ಲೋಕವೆಲ್ಲಾ ತಿರುಗಿದರು. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ ಇರುವ ಊರು ಜಾವಗಲ್. ಆದರೆ ಬಸ್ಸಿನಲ್ಲಿ "ಜಾವಗಲ್" ಅಂತ ಟಿಕೆಟ್ ಕೇಳಿದಾಗ ದೂರದೂರಿನವರು ತಿರುಗಿ ನೋಡುವುದು ನರಸಿಂಹನ ನೆನಪಿಗಲ್ಲ.

ಊರಿಗೆ ಯಾವ ಗಳಿಗೆ ಅಂಟಬೇಕು ಅನ್ನುವುದು ನಮ್ಮ ಕೈಯಲ್ಲಿಲ್ಲ ಅನ್ನುವುದಕ್ಕೂ ಚಿನ್ನಸ್ವಾಮಿ ಮೈದಾನವೇ ಸಾಕ್ಷಿ. 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಆರ್‌ಸಿಬಿ ಕಪ್ ಗೆದ್ದಿತು. ಮರುದಿನ ಸಂಭ್ರಮ ನೋಡಲು ಬಂದವರಲ್ಲಿ 11 ಮಂದಿ ಇದೇ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿಗೆ ಸಿಕ್ಕಿ ಸತ್ತರು. ನಮ್ಮ ಕಡೆಯಿಂದಲೂ ಬೆಳಗ್ಗೆ ರೈಲು ಹತ್ತಿ ಹೋದ ಹುಡುಗರಿದ್ದರು. ಆ ಸಂಜೆ ಫೋನ್ ಸಿಗದೆ ಅವರ ಮನೆಯವರು ಪಟ್ಟ ಪಾಡು ನಾವು ನೋಡಿದ್ದೇವೆ. ಮುಂದಿನ ತಲೆಮಾರಿಗೆ ಆ ಜಾಗ ಸೊಹೈಲ್ ಔಟಾದ ಜಾಗವೋ, ಇದೋ? ಗೆಲುವು ಮಾತ್ರ ಅಂಟುತ್ತದೆ ಅಂದುಕೊಳ್ಳುವ ಹಾಗಿಲ್ಲ.

ಇಂಗ್ಲೆಂಡಿನಲ್ಲಿ ಟನ್‌ಬ್ರಿಜ್ ವೆಲ್ಸ್ ಅಂತ ಒಂದು ಸಣ್ಣ ಪಟ್ಟಣ ಇದೆ. ಅಲ್ಲಿ ನೆವಿಲ್ ಗ್ರೌಂಡ್ ಅಂತ ಮೈದಾನ. 1913ರಲ್ಲಿ ಅದರ ಪೆವಿಲಿಯನ್ ಸುಟ್ಟು ಹೋಯಿತು. ಹೆಂಗಸರಿಗೂ ಓಟಿನ ಹಕ್ಕು ಬೇಕು ಅಂತ ಹೋರಾಡುತ್ತಿದ್ದವರು ಬೆಂಕಿ ಇಟ್ಟರು ಅಂತ ಚರಿತ್ರೆ ಹೇಳುತ್ತದೆ. ಅದೇನು ಸಣ್ಣ ಕತೆಯೇ? ಆದರೆ ನಮ್ಮ ದೇಶದಲ್ಲಿ ಆ ಊರು ಅಂದರೆ 1983ರ ಜೂನ್ 18, ಕಪಿಲ್ ದೇವ್ ಅಜೇಯ 175. ಜಿಂಬಾಬ್ವೆ ವಿರುದ್ಧ ಭಾರತ 17ಕ್ಕೆ 5 ಆಗಿತ್ತು. ಅಲ್ಲಿಂದ 60 ಓವರಿನಲ್ಲಿ 8 ವಿಕೆಟ್‌ಗೆ 266. ಇದರಲ್ಲಿ ನಮ್ಮವರ ಪಾಲು ಎಷ್ಟು ಜನಕ್ಕೆ ಗೊತ್ತು? 17ಕ್ಕೆ 5 ಆದಾಗ ಬಂದು ಕಪಿಲ್ ಜೊತೆ 60 ರನ್ ಸೇರಿಸಿದವರು ಬೆಂಗಳೂರಿನ ರೋಜರ್ ಬಿನ್ನಿ. 140ಕ್ಕೆ 8 ಆದಮೇಲೆ ಬಂದು, ಕೊನೆಯ ತನಕ ಔಟಾಗದೆ ನಿಂತು, ಒಂಬತ್ತನೇ ವಿಕೆಟ್‌ಗೆ 126 ರನ್ ಆಗುವ ಹಾಗೆ ನೋಡಿಕೊಂಡವರು ಕರ್ನಾಟಕದ ಸೈಯದ್ ಕಿರ್ಮಾನಿ. ಕಿರ್ಮಾನಿ ಹೊಡೆದದ್ದು 24. ಆ 24 ಇಲ್ಲದಿದ್ದರೆ 175 ಎಲ್ಲಿ? ಭಾರತ ಆ ಪಂದ್ಯ ಗೆದ್ದಿದ್ದು 31 ರನ್‌ನಿಂದ.

ಆ ಮೈದಾನದಲ್ಲಿ ಗಂಡಸರ ಅಂತರರಾಷ್ಟ್ರೀಯ ಒಂದು ದಿನದ ಪಂದ್ಯ ನಡೆದದ್ದು ಅದೊಂದೇ. ಆ ಪಂದ್ಯದ ಟಿವಿ ಚಿತ್ರೀಕರಣವೂ ಇಲ್ಲ. ಕ್ಯಾಮೆರಾ ಇರಲಿಲ್ಲ. ಆಮೇಲೆ 2021ರಲ್ಲಿ ಬಂದ ಹಿಂದಿ ಸಿನಿಮಾದಲ್ಲಿ ಅದನ್ನು ಮತ್ತೆ ಆಡಿಸಿ ತೋರಿಸಬೇಕಾಯಿತು. ಆದರೂ ಇವತ್ತು ನಾವು ಮೊಬೈಲಿನಲ್ಲಿ ಒಂದು ನಿಮಿಷದಲ್ಲಿ ತೆಗೆದು ಹೇಳಬಹುದು, ಬಿನ್ನಿ 22, ಮದನ್ ಲಾಲ್ 17, ಕಿರ್ಮಾನಿ ಔಟಾಗದೆ 24 ಅಂತ. ಯಾಕೆ? ಆವತ್ತು ಆ ಊರಿನಲ್ಲಿ ಒಬ್ಬರು ಪೆನ್ಸಿಲ್ ಹಿಡಿದು ಪ್ರತಿ ಬಾಲನ್ನೂ ಸ್ಕೋರ್ ಪುಸ್ತಕದಲ್ಲಿ ಬರೆಯುತ್ತಾ ಕೂತಿದ್ದರು. ಕಪಿಲ್ 138 ಬಾಲಿನಲ್ಲಿ 16 ಫೋರ್, 6 ಸಿಕ್ಸ್ ಹೊಡೆದರು ಅನ್ನುವುದು ಬಂದದ್ದು ಅಲ್ಲಿಂದ. ವಿಡಿಯೊ ಇಲ್ಲದೆಯೂ ಒಂದು ಊರು ನಲವತ್ತು ವರ್ಷ ದಾಟಿ ಬಂದಿದೆ. ಪುಸ್ತಕ ಇಲ್ಲದಿದ್ದರೆ ಬರುತ್ತಿರಲಿಲ್ಲ.

ಬರ್ಲಿನ್, ಬೆಂಗಳೂರಿನಂಥ ದೊಡ್ಡ ಊರುಗಳಿಗೆ ಹತ್ತಾರು ಗಳಿಗೆ ಸಿಗುತ್ತವೆ. ಬರ್ಲಿನ್‌ಗೆ 1936ರ ಜೆಸ್ಸಿ ಓವೆನ್ಸ್ ಇದ್ದಾನೆ, 2009ರ ಬೋಲ್ಟ್ ಇದ್ದಾನೆ. ಒಂದು ಮರೆತರೆ ಇನ್ನೊಂದು. ಸಣ್ಣ ಊರಿಗೆ ಸಿಕ್ಕರೆ ಒಂದೇ. ಅದೂ ಬರೆಯುವವರು ಪಕ್ಕದಲ್ಲಿ ಇದ್ದರೆ.

ಈಗ ನಮ್ಮ ತಪ್ಪಿನ ಕತೆ.

ಕೆಲವು ವರ್ಷದ ಹಿಂದೆ, ನಾವು ಹೊಸದಾಗಿ ಸುದ್ದಿ ಕಳಿಸಲು ಶುರು ಮಾಡಿದ್ದಾಗ, ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಕ್ಕೆ ಹೋಗಿದ್ದೆವು. 200 ಮೀಟರ್ ಓಟದಲ್ಲಿ ಒಂದು ಹುಡುಗಿ ಬರಿಗಾಲಲ್ಲಿ ಓಡಿದಳು. ಪಕ್ಕದವಳಿಗೂ ಅವಳಿಗೂ ನಡುವೆ ಒಂದು ಎತ್ತಿನ ಗಾಡಿ ಹೋಗುವಷ್ಟು ಅಂತರ. ನಮ್ಮ ಪಕ್ಕ ನಿಂತಿದ್ದ ಡ್ರಿಲ್ ಮೇಷ್ಟ್ರು "ನೋಡ್ರೀ ಇವಳ ಕಾಲು" ಅಂದರು. ನೋಡಿದೆವು. ಮಧ್ಯಾಹ್ನ ಸುದ್ದಿ ಬರೆದೆವು. ಉದ್ಘಾಟನೆ ಮಾಡಿದವರು, ಅಧ್ಯಕ್ಷತೆ ವಹಿಸಿದವರು, ಧ್ವಜಾರೋಹಣ ಮಾಡಿದವರು, ವೇದಿಕೆ ಮೇಲಿದ್ದವರು, ವಂದನಾರ್ಪಣೆ ಮಾಡಿದವರು. ಎಣಿಸಿದರೆ ಹದಿನಾಲ್ಕು ಹೆಸರು. ಒಬ್ಬರ ಹೆಸರು ಬಿಟ್ಟರೂ ರಾತ್ರಿ ಫೋನ್ ಬರುತ್ತದೆ ಅಂತ ನಮಗೆ ಗೊತ್ತಿತ್ತು. ಓಡಿದ ಹುಡುಗಿಯ ಹೆಸರು ಬರೆಯದಿದ್ದರೆ ಯಾರೂ ಫೋನ್ ಮಾಡುವುದಿಲ್ಲ ಅಂತಲೂ ಗೊತ್ತಿತ್ತು.

ಮೂರು ನಾಲ್ಕು ವರ್ಷ ಆದಮೇಲೆ ಒಂದು ದಿನ ಅವಳ ತಂದೆ ನಮ್ಮನ್ನು ಹುಡುಕಿಕೊಂಡು ಬಂದರು. ತೋಟದ ಕೂಲಿ ಮಾಡುವವರು. ಮಗಳನ್ನು ಕ್ರೀಡೆಯ ಕೋಟಾದಲ್ಲಿ ಎಲ್ಲೋ ಸೇರಿಸಬೇಕಿತ್ತು. ಅವಳ ಹತ್ತಿರ ಇದ್ದ ಸರ್ಟಿಫಿಕೇಟಿನಲ್ಲಿ "ಪ್ರಥಮ ಸ್ಥಾನ" ಅಂತ ಮಾತ್ರ ಇತ್ತು. ಎಷ್ಟು ಸೆಕೆಂಡ್ ಅನ್ನುವ ಜಾಗವೇ ಅದರಲ್ಲಿರಲಿಲ್ಲ. ಅಲ್ಲಿಯವರು ಸಮಯ ಕೇಳಿದರಂತೆ.

"ಪೇಪರ್‌ನಾಗೆ ಬಂದಿತ್ತಲ್ಲ ಸಾ, ಅದೊಂದು ಹುಡುಕಿಕೊಡಿ" ಅಂದರು.

ಕಟ್ಟು ಬಿಚ್ಚಿ ಹುಡುಕಿದೆವು. ಸುದ್ದಿ ಸಿಕ್ಕಿತು. ಹದಿನಾಲ್ಕರಲ್ಲಿ ಹನ್ನೊಂದು ಹೆಸರು ಉಳಿದಿದ್ದವು. ಫೋಟೊ ಇತ್ತು, ದೀಪ ಹಚ್ಚುತ್ತಿರುವುದು. ಮೂಲೆಯಲ್ಲಿ ಸಾಲಾಗಿ ನಿಂತ ಮಕ್ಕಳಲ್ಲಿ ಒಂದು ಕೈ ಕಾಣುತ್ತಿತ್ತು. ಅದು ಅವಳದೋ ಅಲ್ಲವೋ ಹೇಳಲು ಆಗಲಿಲ್ಲ. ಆ ಮನುಷ್ಯ ಪೇಪರನ್ನು ತಿರುಗಿಸಿ ತಿರುಗಿಸಿ ನೋಡಿ, "ಇರ್ಲಿ ಬುಡಿ ಸಾ" ಅಂತ ಮಡಚಿ ನಮ್ಮ ಕೈಗೇ ಕೊಟ್ಟು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಆವತ್ತು ಅವಳು ಎಷ್ಟು ಸೆಕೆಂಡಿನಲ್ಲಿ ಓಡಿದಳು? ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ. ಮೈದಾನದಲ್ಲಿ ವಿಷಲ್ ಇತ್ತು, ಸುಣ್ಣದ ಗೆರೆ ಇತ್ತು, ಮೈಕ್ ಇತ್ತು, ಹಾರ ತುರಾಯಿ ಇತ್ತು. ಸ್ಟಾಪ್‌ವಾಚ್ ಹಿಡಿದವರು ಯಾರೂ ಇರಲಿಲ್ಲ. ಎಲ್ಲರ ಜೇಬಿನಲ್ಲೂ ಮೊಬೈಲ್ ಇತ್ತು, ನಮ್ಮ ಜೇಬಿನಲ್ಲೂ ಇತ್ತು. ಅದರಲ್ಲಿ ಸ್ಟಾಪ್‌ವಾಚ್ ಇದೆ ಅನ್ನುವುದು ಹೊಳೆಯಲಿಲ್ಲ.

ಈ ವಿಷಯ ಹೇಳಿದರೆ ಕೆಲವು ಸ್ನೇಹಿತರು ವಾದ ಮಾಡುತ್ತಾರೆ. ಹೆಸರು ಬಂದು ಏನು ಸಿಕ್ಕಿತು, ಐಕಳದವರಿಗೆ ಬೋಲ್ಟ್ ಅನ್ನುವ ತಮಾಷೆ ಬಿಟ್ಟರೆ ಏನು ಬಂತು ಅಂತ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದು, ಭಾರತದ ಹೆಣ್ಣುಮಕ್ಕಳು ನೇಪಾಳವನ್ನು ಸೋಲಿಸಿ ಗೆದ್ದರು. ಆ ತಂಡದ ಚೈತ್ರಾ, ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಹುಡುಗಿ. ಗಂಡಸರ ತಂಡದಲ್ಲೂ ಕರ್ನಾಟಕದ ಗೌತಮ್ ಇದ್ದರು. ಸರ್ಕಾರ ತಲಾ ಐದು ಲಕ್ಷ ಘೋಷಿಸಿದಾಗ ಇಬ್ಬರೂ ಬೇಡ ಅಂದರು. ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೋಟಿ ಮೀರಿ ಕೊಡುವಾಗ ನಮಗೆ ಇಷ್ಟೇನಾ ಅನ್ನುವುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಆದರೆ ಗಮನಿಸಿ, ಆ ಪ್ರಶ್ನೆ ಕೇಳುವ ಬಲ ಅವರಿಗೆ ಬಂದದ್ದು ಎಲ್ಲಿಂದ? ಗೆದ್ದದ್ದು ಕಾಗದದ ಮೇಲಿತ್ತು, ಜಗತ್ತು ನೋಡಿತ್ತು. ನಮ್ಮ 200 ಮೀಟರ್ ಹುಡುಗಿಯ ಅಪ್ಪನಿಗೆ ಐದು ಲಕ್ಷವಲ್ಲ, ಒಂದು ಅಂಕಿ ಬೇಕಿತ್ತು. ಅದನ್ನು ಕೊಡಲು ನಮ್ಮಿಂದ ಆಗಲಿಲ್ಲ.

ಹೆಸರು ಬಂದರೆ ಊರು ಉದ್ಧಾರ ಆಗುತ್ತದೆ ಅಂತ ನಾವು ಹೇಳುತ್ತಿಲ್ಲ. ಒಂದು ಗಳಿಗೆ ಒಂದು ಊರನ್ನು ಹಿಡಿದುಕೊಂಡರೆ ಉಳಿದ ಕತೆಯೆಲ್ಲಾ ಹಿಂದಕ್ಕೆ ಸರಿಯುತ್ತದೆ, ಅದನ್ನೂ ಮೇಲೆ ನೋಡಿದೆವು. ಆದರೆ ನುಂಗುವುದಕ್ಕಾದರೂ ಏನಾದರೂ ಇರಬೇಕಲ್ಲ. ನಮ್ಮಲ್ಲಿ ಅದೂ ಇಲ್ಲ, ಇದೂ ಇಲ್ಲ.

ಇನ್ನು ಮೈದಾನದ ಮಾತು. ಬರೆದಿಡಲು ಮೊದಲು ಓಡಬೇಕು, ಓಡಲು ಜಾಗ ಬೇಕು. ನಮ್ಮ ಎಷ್ಟೋ ಹಳ್ಳಿ ಶಾಲೆಗಳ ಮೈದಾನ ನೋಡಿ. ಒಂದು ಮೂಲೆಗೆ ನೀರಿನ ಟ್ಯಾಂಕ್ ಬಂತು. ಇನ್ನೊಂದು ಮೂಲೆಗೆ ಸಮುದಾಯ ಭವನ. ನಡುವೆ ಹೈಮಾಸ್ಟ್ ದೀಪದ ಕಂಬ. ಒಂದೊಂದೂ ಬೇಕಾದದ್ದೇ, ಜಗಳ ಮಾಡಲು ಆಗುವುದಿಲ್ಲ. ಎಲ್ಲಾ ಬಂದಮೇಲೆ ಅಳೆದು ನೋಡಿದರೆ 200 ಮೀಟರ್ ಸುತ್ತು ಕೂರುವುದಿಲ್ಲ. ಮಕ್ಕಳು ಕಂಬ ಸುತ್ತಿಕೊಂಡು ಓಡುತ್ತಾರೆ. ಕ್ರಿಕೆಟ್ ಆಡುವ ಹುಡುಗರು ಬೇಸಿಗೆಯಲ್ಲಿ ಒಣಗಿದ ಕೆರೆ ಅಂಗಳಕ್ಕೆ ಹೋಗುತ್ತಾರೆ. ಕೆರೆ ತುಂಬಿದ ವರ್ಷ ಆಟ ಇಲ್ಲ. ಕೆರೆ ತುಂಬಲಿ ಅಂತ ಬೇಡಿಕೊಳ್ಳುವ ಅಪ್ಪ, ತುಂಬದಿದ್ದರೆ ಪಿಚ್ ಸಿಗುತ್ತದೆ ಅಂದುಕೊಳ್ಳುವ ಮಗ, ಇಬ್ಬರೂ ಒಂದೇ ಮನೆಯಲ್ಲಿದ್ದಾರೆ.

ಪಂಚಾಯ್ತಿ ಸದಸ್ಯರು ಇದನ್ನು ಓದುತ್ತಿದ್ದರೆ ಒಂದು ಮಾತು. ಮೈದಾನದಲ್ಲಿ ಮುಂದಿನ ಕಟ್ಟಡದ ಗುದ್ದಲಿ ಪೂಜೆಗೆ ಮುಂಚೆ ಸುತ್ತು ಅಳೆಸಿ. 200 ಮೀಟರ್ ಉಳಿಯುತ್ತದೋ ಇಲ್ಲವೋ ನೋಡಿ, ಆಮೇಲೆ ತೆಂಗಿನಕಾಯಿ ಒಡೆಯಿರಿ. ಪಿಇ ಮೇಷ್ಟ್ರುಗಳಿಗೆ ಹೇಳುವಷ್ಟು ದೊಡ್ಡವರು ನಾವಲ್ಲ. ಒಬ್ಬರೇ ಮೇಷ್ಟ್ರು ವಿಷಲ್ಲೂ ಊದಿ, ಗೆರೆಯನ್ನೂ ಹಾಕಿ, ಬಿಸಿಯೂಟದ ಲೆಕ್ಕವನ್ನೂ ಬರೆಯುವುದನ್ನು ನೋಡಿದ್ದೇವೆ. ಆದರೆ ಊರಲ್ಲಿ ಡಿಗ್ರಿ ಮುಗಿಸಿ ಕೂತಿರುವ ಹುಡುಗರಿದ್ದಾರೆ, ಹುಡುಗಿಯರಿದ್ದಾರೆ. ಒಬ್ಬರು ಗುರಿ ಗೆರೆ ಹತ್ತಿರ ಮೊಬೈಲ್ ಹಿಡಿದು ನಿಂತರೆ, ಇನ್ನೊಬ್ಬರು ಪುಸ್ತಕದಲ್ಲಿ ಬರೆದರೆ ಸಾಕು. ಹೆಸರು, ಅಪ್ಪನ ಅಥವಾ ಅಮ್ಮನ ಹೆಸರು, ಊರು, ತರಗತಿ, ದೂರ, ಸಮಯ, ದಿನಾಂಕ. ಲಾಂಗ್ ಜಂಪ್ ಆದರೆ ಮೀಟರ್, ಸೆಂಟಿಮೀಟರ್. ಖೋ ಖೋ, ಕಬಡ್ಡಿ ಆದರೆ ಯಾರು ಎಷ್ಟು ಪಾಯಿಂಟ್. ಮೊಬೈಲಿನ ಸಮಯ ಅರ್ಧ ಸೆಕೆಂಡ್ ಹೆಚ್ಚು ಕಮ್ಮಿ ಬರಬಹುದು. ಬರಲಿ. ಕೈಯಲ್ಲಿ ಹಿಡಿದ ಗಡಿಯಾರದ ಸಮಯ ಅಂತ ಪಕ್ಕದಲ್ಲಿ ಬರೆದರಾಯಿತು. ಆ ಪುಸ್ತಕ ಶಾಲೆಯ ಬೀರುವಿನಲ್ಲಿ ಒಂದು, ಪಂಚಾಯ್ತಿಯಲ್ಲಿ ಒಂದು ಇರಲಿ.

ಜಾತ್ರೆಯಲ್ಲಿ ಕಾಯಿ ಸುಲಿಯುವ ಸ್ಪರ್ಧೆ ಇಟ್ಟುಕೊಂಡ ಊರಿದ್ದರೆ ಅದಕ್ಕೂ ಇದೇ. ಕಂಬಳವೂ ಗದ್ದೆ ಕೆಲಸದಿಂದ ಎದ್ದು ಬಂದ ಆಟವೇ. ನಮ್ಮ ಸುಲಿಯುವವರ ಕೈ ವೇಗ ಅದಕ್ಕಿಂತ ಕಮ್ಮಿಯದೇನಲ್ಲ. ಹತ್ತು ನಿಮಿಷಕ್ಕೆ ಎಷ್ಟು ಕಾಯಿ ಅಂತ ಒಂದು ಲೆಕ್ಕ ಬರಲಿ, ಈ ವರ್ಷದ್ದನ್ನು ಮುಂದಿನ ವರ್ಷ ಯಾರಾದರೂ ಮುರಿಯಲಿ.

ನಮ್ಮ ಕಡೆಯಿಂದ ಮಾಡಿಕೊಂಡ ತೀರ್ಮಾನ ಇಷ್ಟು. ಈ ವರ್ಷದಿಂದ ಕ್ರೀಡಾಕೂಟದ ಸುದ್ದಿ ಬರೆದರೆ ಓಡಿದವರ ಹೆಸರು, ಸಮಯ ಮೊದಲ ಸಾಲಿನಲ್ಲಿ. ದೀಪ ಹಚ್ಚಿದವರ ಹೆಸರು ಕೊನೆಯಲ್ಲಿ, ಜಾಗ ಉಳಿದರೆ. ಪೇಪರಿನವರು ಕತ್ತರಿಸುವುದು ಕೊನೆಯಿಂದ ಅಂತ ಹತ್ತು ವರ್ಷದಲ್ಲಿ ಕಲಿತಿದ್ದೇವೆ. ರಾತ್ರಿ ಫೋನ್ ಬರುತ್ತದೆ, ಬರಲಿ. ಪೇಪರಿನಲ್ಲಿ ಬರದಿದ್ದರೆ ಪೂರ್ತಿ ಪಟ್ಟಿ ಇಲ್ಲಿ ಈ ಬ್ಲಾಗಿನಲ್ಲಿ ಹಾಕುತ್ತೇವೆ, ಕೊನೆಯವರಾಗಿ ಬಂದ ಮಗುವಿನ ಸಮಯವನ್ನೂ ಸೇರಿಸಿ.

ಐವತ್ತು ಮೀಟರಿನ ಟೇಪು ಒಂದು ಕೊಂಡಿದ್ದೇವೆ. ನಿಮ್ಮ ಹೋಬಳಿ ಕ್ರೀಡಾಕೂಟ ಯಾವತ್ತು, ಯಾವ ಮೈದಾನ ಅಂತ ಗೊತ್ತಾದ ಕೂಡಲೇ ಮೆಸೇಜ್ ಹಾಕಿ. ಹಿಂದಿನ ದಿನವೇ ಬಂದರೆ ಗೆರೆ ಹಾಕುವ ಮುಂಚೆ ಸುತ್ತು ಅಳೆಯಬಹುದು.